ಊರ ಮೇಲೊಂದು ಊರು



ಇಸ್ರೇಲಿನ ಮೆಗಿದ್ದೋ ಗುಡ್ಡ ಅಂಥ ಎತ್ತರವೇನಲ್ಲ. ಅದನ್ನು ಹತ್ತುವಾಗ ನಾವು ತುಳಿಯುವುದು ಬಹುಪಾಲು ಯಾರದೋ ಮನೆಗಳನ್ನು. ಮಣ್ಣಿಟ್ಟಿಗೆಯ ಗೋಡೆ ಕುಸಿದರೆ ತಟ್ಟಿ ಸಮ ಮಾಡಿ, ಅದರ ಮೇಲೇ ಹೊಸದು ಕಟ್ಟಿಕೊಂಡರು. ಹೀಗೆ ಸಾವಿರಾರು ವರ್ಷ. ಅಗೆದವರಿಗೆ ಒಂದರ ಮೇಲೊಂದರಂತೆ ಊರಿನ ಇಪ್ಪತ್ತಕ್ಕೂ ಹೆಚ್ಚು ಪದರಗಳು ಸಿಕ್ಕಿವೆ. ನಾವು ಹಾಳೂರ ದಿಬ್ಬ ಎನ್ನುತ್ತೇವಲ್ಲ, ಅಂಥದ್ದು. ಅಲ್ಲಿ 'ತೆಲ್' ಎನ್ನುತ್ತಾರೆ.

ಬೈಬಲಿನಲ್ಲಿ ಸೊಲೊಮೋನ ಅರಸ ಕಟ್ಟಿಸಿದ ಪಟ್ಟಣಗಳ ಸಾಲಿನಲ್ಲಿ ಈ ಹೆಸರಿದೆ. ಅರಸ ಯೋಷೀಯ ಈಜಿಪ್ಟಿನ ಫರೋಹನಿಗೆ ಎದುರಾಗಿ ಪ್ರಾಣ ಬಿಟ್ಟ ಕಥೆಯೂ ಇಲ್ಲಿಯದೇ. ಇನ್ನು ಲೋಕದ ಕಡೆಯ ಯುದ್ಧಕ್ಕೆ ರಾಜರೆಲ್ಲ ಸೇರುವ ಹರ್ಮಗೆದೋನ್? 'ಹರ್' ಅಂದರೆ ಹೀಬ್ರೂವಿನಲ್ಲಿ ಬೆಟ್ಟ. ಮೆಗಿದ್ದೋ ಬೆಟ್ಟವೇ ಅದು ಎನ್ನುವವರು ಬಹಳ.

ಯುದ್ಧಗಳೆಲ್ಲ ಇಲ್ಲೇ ಯಾಕೆ ಎಂಬುದು ಮೇಲೆ ನಿಂತರೆ ತಿಳಿಯುತ್ತದೆ. ಈಜಿಪ್ಟಿನಿಂದ ಸಿರಿಯಾ ಕಡೆಗಿನ ಹಳೆಯ ದಾರಿ ಇಕ್ಕಟ್ಟು ಕಣಿವೆಯೊಂದನ್ನು ದಾಟಿ ದಿಬ್ಬದ ಕೆಳಗಿನ ಬಯಲಿಗೆ ಇಳಿಯುತ್ತದೆ. ದಿಬ್ಬ ಹಿಡಿದವನ ಕೈಯಲ್ಲಿ ದಾರಿ. ಸುಮಾರು ಮೂರೂವರೆ ಸಾವಿರ ವರ್ಷದ ಹಿಂದೆ ಫರೋಹ ಮೂರನೆಯ ಥುಟ್ಮೋಸ್ ಆ ಇಕ್ಕಟ್ಟಿನಲ್ಲೇ ಸೈನ್ಯ ನುಗ್ಗಿಸಿದ. ಮೊದಲ ಮಹಾಯುದ್ಧದ ವೇಳೆ, 1918ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೇನಾಪತಿ ಅಲೆನ್‌ಬಿಯ ಕುದುರೆಪಡೆಯೂ ಅದೇ ಕಣಿವೆ ದಾಟಿತು. ಅದೇ ಕಾಳಗದ ಭಾಗವಾಗಿ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರಿದ್ದರು. ರಾಗಿ ಉಂಡು ಬೆಳೆದವರು ಆ ಬಿಸಿಲಲ್ಲಿ ಏನು ತಿಂದರೋ!

ಸೊಲೊಮೋನನ ಕುದುರೆಲಾಯ ಎಂದು ಒಂದು ಕಾಲದಲ್ಲಿ ಹೆಸರಾದ ಕಟ್ಟಡವೂ ಅಲ್ಲಿದೆ. ಅದು ಅವನ ಕಾಲದ್ದಲ್ಲ ಎಂದು ಆಮೇಲೆ ಬಂದ ಪಂಡಿತರು. ಲಾಯವೇ ಅಲ್ಲ, ಉಗ್ರಾಣ ಎಂದು ಮತ್ತೆ ಕೆಲವರು. ಜಗಳ ಮುಗಿದಿಲ್ಲ.

ನಮ್ಮ ಗೈಡು ಕಡೆಯ ಯುದ್ಧಕ್ಕೆ ಅರ್ಧ ಗಂಟೆ ಕೊಟ್ಟ, ಆ ಊರಿನ ನೀರಿನ ವ್ಯವಸ್ಥೆಗೆ ಎರಡು ನಿಮಿಷ. ನಾನಾಗಿದ್ದರೆ ತಿರುವುಮುರುವು ಮಾಡುತ್ತಿದ್ದೆ. ಒರತೆ ಇದ್ದದ್ದು ಕೋಟೆಯ ಹೊರಗೆ, ಬುಡದಲ್ಲಿ. ಶತ್ರು ಮುತ್ತಿದರೆ ಬಾಯಾರಿ ಸಾಯಬೇಕು. ಅದಕ್ಕೇ ಊರೊಳಗಿಂದ ಆಳದ ಗುಂಡಿ ತೋಡಿ, ಅಲ್ಲಿಂದ ಒರತೆಯವರೆಗೆ ಸುಮಾರು 70 ಮೀಟರ್ ಸುರಂಗವನ್ನು ಬಂಡೆಯಲ್ಲೇ ಕೊರೆದರು. ಹೊರಗಿನ ಬಾಯಿ ಕಾಣದಂತೆ ಮುಚ್ಚಿದರು.

ಆ ಸುರಂಗದಲ್ಲಿ ನಡೆದೆ. ಹೊರಗೆ ಉರಿಬಿಸಿಲು, ಒಳಗೆ ತಂಪು. ಬರಿಗೈಯಲ್ಲಿ ಇಳಿದವನಿಗೇ ಮಂಡಿ ಹಿಡಿದುಕೊಂಡಿತ್ತು. ಆ ಊರಿನವರು ಗುಂಡಿಯ ಅಷ್ಟೂ ಮೆಟ್ಟಿಲು ತುಂಬಿದ ಕೊಡ ಹೊತ್ತು ಹತ್ತಬೇಕಿತ್ತು. ಇವತ್ತು ಯಾರ ಸರದಿ ಎಂದು ಬೆಳಗಾದರೆ ಮನೆಮನೆಯಲ್ಲೂ ಗೊಣಗಿರಲೇಬೇಕು.