ಮನೆಯಲ್ಲಿ ಪಟಾಕಿ ಮದ್ದು ಕಲಸುವುದು ಬೇಡ
(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ದೀಪಾವಳಿಗೆ ಮುಂಚೆ ಒಂದು ಸಂಘದ ಸಭೆಯಲ್ಲಿ ಒಬ್ಬ ತಂಗಿ ಕೇಳಿದರು: “ಸಿಸ್ಟರ್, ಸಂಘದಿಂದ ಸಾಲ ತಗೊಂಡು ಮನೇಲೇ ಸುರುಸುರು ಬತ್ತಿ ಮಾಡಿದ್ರೆ ಹೇಗೆ? ಪುಡಿ ಅವರೇ ಕೊಡ್ತಾರಂತೆ. ನಾವು ಅಂಟು ಹಾಕಿ ಕಲಸಿ, ಕಡ್ಡಿಗೆ ಹಚ್ಚಿ ಒಣಗಿಸೋದು ಅಷ್ಟೇ.”

ನಾವು ತಕ್ಷಣ ಬೇಡ ಅನ್ನಲಿಲ್ಲ. ಮಗಳ ಕಾಲೇಜು ಫೀಸು ಕಟ್ಟಲಾಗದೆ ಆಕೆ ಕೇಳಿದ್ದು ನಮಗೆ ಗೊತ್ತಿತ್ತು. ಆದರೂ ಕೊನೆಗೆ ಬೇಡ ಎಂದೇ ಹೇಳಿದೆವು. ಏಕೆ ಎಂಬುದನ್ನು ನೀವೂ ತಿಳಿಯಬೇಕು.

“ಒದ್ದೆ ಇದ್ದಾಗ ಏನೂ ಆಗಲ್ಲ” ಎನ್ನುತ್ತಾರೆ. ಅದು ತಪ್ಪು. ಲೋಹದ ಪುಡಿಗೆ ನೀರು ಸೇರಿದರೆ ಅದು ತಾನೇ ಬಿಸಿಯಾಗಬಹುದು. ನೀರಿನ ಬದಲು ಸ್ಪಿರಿಟ್, ಥಿನ್ನರ್ ಬಳಸಿದರೆ ಅದರ ಆವಿ ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು ಒಲೆ ಮುಟ್ಟುತ್ತದೆ. ಒಣಗಿದ ಮೇಲಂತೂ ಒಂದು ಉಜ್ಜಾಟ, ನೈಲಾನ್ ಸೀರೆಯ ಒಂದು ಕಿಡಿ ಸಾಕು. ಒಲೆ, ದೀಪ, ಮಲಗಿದ ಮಗು ಎಲ್ಲ ಒಂದೇ ಕೋಣೆಯಲ್ಲಿರುವ ನಮ್ಮ ಮನೆಗಳಲ್ಲಿ ಸುರಕ್ಷಿತವಾದ ಅಂಟು ಯಾವುದು ಎಂದು ಆರಿಸುವ ಪ್ರಶ್ನೆಯೇ ಬರುವುದಿಲ್ಲ.

2023ರ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ ಏನಾಯಿತು ನೆನಪಿದೆಯಲ್ಲ? ಅಲ್ಲಿ ಯಾರೂ ಮದ್ದು ಕಲಸುತ್ತಿರಲಿಲ್ಲ. ತಯಾರಾದ ಪಟಾಕಿಯ ದಾಸ್ತಾನಿಗೇ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಜನ ಸತ್ತರು. ಹಬ್ಬದ ಸಮಯದಲ್ಲಿ ನಾಲ್ಕು ಕಾಸು ದುಡಿಯಲು ತಮಿಳುನಾಡಿನಿಂದ ಬಂದ ಹುಡುಗರೂ ಅವರಲ್ಲಿದ್ದರು. ಅವರಿಗೂ ತಾಯಂದಿರಿದ್ದರು.

ಕಾನೂನೂ ಬಿಡುವುದಿಲ್ಲ. 1884ರ ಸ್ಫೋಟಕ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತಯಾರಿಸಿದರೆ ಮೂರು ವರ್ಷದವರೆಗೆ ಜೈಲು ಆಗಬಹುದು. ಹದಿನೆಂಟು ತುಂಬದ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚುವುದು ಇನ್ನೊಂದು ಅಪರಾಧ. ಪುಡಿ ಕೊಟ್ಟವನು ಆ ದಿನ ಊರಲ್ಲಿರುವುದಿಲ್ಲ. ಸಿಕ್ಕಿಬೀಳುವವರು ನಾವೇ.

ಹಾಗಾದರೆ ಕೈಗೆ ಕೆಲಸ? ಅಂಟು ಕಲಸುವ ಕೆಲಸವೇ ಬೇಕಾದರೆ ಬೇರೆ ಇದೆ. 2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾಯಿತು. ಕಾಗದದ ಕವರ್ ಮಾಡಿ ಔಷಧಿ ಅಂಗಡಿ, ಬಟ್ಟೆ ಅಂಗಡಿಗೆ ಕೊಡಬಹುದು. ಮೈದಾ ಗಂಜಿಯೇ ಅದಕ್ಕೆ ಅಂಟು. ಹುಳ ಬರಬಾರದೆಂದು ಕೆಲವರು ಮೈಲುತುತ್ತ ಹಾಕುತ್ತಾರೆ. ಅದು ವಿಷ. ಬೇಕಾದಷ್ಟೇ ಗಂಜಿ ದಿನವೂ ಕಾಯಿಸಿಕೊಂಡರೆ ಅದರ ಅಗತ್ಯವೇ ಇಲ್ಲ. ಹಳೆ ಪೇಪರಿನ ಕವರನ್ನು ತಿಂಡಿ ಕಟ್ಟಲು ಕೊಡಬೇಡಿ, ಶಾಯಿ ತಿಂಡಿಗೆ ಹತ್ತುತ್ತದೆ.

ಅಗರಬತ್ತಿ ಹೊಸೆಯುವುದೂ ಇದೆ. ಅದಕ್ಕೆ ಇದ್ದಿಲ ಪುಡಿಯ ಜೊತೆ ಮರದ ತೊಗಟೆಯ ಜಿಗಟು ಪುಡಿ ಮತ್ತು ನೀರು ಸಾಕು. ಮೂಗಿಗೆ ಬಟ್ಟೆ ಕಟ್ಟಿ, ಕಿಟಕಿ ತೆರೆದಿಡಿ. ಸುವಾಸನೆ ಎಣ್ಣೆಯಲ್ಲಿ ಅದ್ದುವ ಕೆಲಸ ಮಾತ್ರ ಮನೆಯಲ್ಲಿ ಬೇಡ. ಕೂಲಿ ಕಡಿಮೆ, ನಿಜ. ಆದ್ದರಿಂದ ಒಬ್ಬೊಬ್ಬರೇ ಹೋಗಬೇಡಿ, ಸಂಘವಾಗಿ ಹೋಗಿ ದರ ಮಾತಾಡಿ.

ಆ ತಂಗಿಗೆ ಸಂಘ ಆ ದಿನವೇ ಫೀಸಿಗೆಂದು ಸಾಲ ಕೊಟ್ಟಿತು. ಮದ್ದಿಗೆ ಬೇಡ ಎಂದ ಕೈಯೇ ಓದಿಗೆ ಸಹಿ ಹಾಕಿತು. ಬೇಡ ಎನ್ನುವಾಗ ಜೊತೆಗೆ ನಿಲ್ಲುವುದೂ ಸಂಘದ ಕೆಲಸ. ನಿಮ್ಮ ಊರಲ್ಲಿ ಯಾರಾದರೂ ಪುಡಿ ಹಂಚಲು ಬಂದರೆ ಮುಂದಿನ ಸಭೆಯವರೆಗೆ ಕಾಯಬೇಡಿ, ಅಂದೇ ನಮಗೆ ತಿಳಿಸಿ.

ದೇವರು ನಿಮ್ಮ ಮನೆಗಳನ್ನು ಕಾಪಾಡಲಿ.