ಬ್ರೌಸರಿನ ಪ್ಲಗಿನ್ನೂ ಊರಿಗೆ ಹೋಗುವ ಟಿಕೆಟೂ
(ಮುಂಬಯಿಯ ಮಾಟುಂಗದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಮಾಟುಂಗದಲ್ಲಿ ನಿಂತು ರೈಲಿನ ಮಾತೆತ್ತಲು ಪೀಠಿಕೆ ಬೇಕಾಗಿಲ್ಲ. ಒಂದು ಮಗ್ಗುಲಲ್ಲಿ ಮಧ್ಯ ರೈಲ್ವೆಯ ಮಾಟುಂಗ ನಿಲ್ದಾಣ, ಇನ್ನೊಂದು ಮಗ್ಗುಲಲ್ಲಿ ಪಶ್ಚಿಮ ರೈಲ್ವೆಯ ಮಾಟುಂಗ ರೋಡ್; ನಡುವೆ 1915ರಿಂದ ನಡೆದುಬಂದಿರುವ ರೈಲ್ವೆ ಕಾರ್ಖಾನೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಬಳಿಕ ಉಡುಪಿ, ಮಂಗಳೂರುಗಳು ನಮಗೆ ಒಂದು ರಾತ್ರಿಯ ದಾರಿಯಾದವು. ದಾರಿ ಹತ್ತಿರವಾಯಿತು, ಟಿಕೆಟು ಮಾತ್ರ ಹತ್ತಿರವಾಗಲಿಲ್ಲ.

ನನ್ನ ಪರಿಚಯದ ಹಿರಿಯರೊಬ್ಬರಿಗೆ ಊರಿನಲ್ಲಿದ್ದ ಅಕ್ಕನ ದೇಹಸ್ಥಿತಿ ವಿಷಮಿಸಿದೆ ಎಂಬ ವಾರ್ತೆ ಬಂದಿತು. ತತ್ಕಾಲ್ ಟಿಕೆಟಿನ ಹೊರತು ಗತ್ಯಂತರವಿರಲಿಲ್ಲ. ಹವಾನಿಯಂತ್ರಿತ ದರ್ಜೆಗೆ ಬೆಳಿಗ್ಗೆ 10ಕ್ಕೆ, ಉಳಿದವುಗಳಿಗೆ 11ಕ್ಕೆ ಬಾಗಿಲು ತೆರೆಯುತ್ತದೆಂಬುದು ತಮಗೆಲ್ಲ ತಿಳಿದಿದೆ. ಮೊಮ್ಮಗನು ಗಣಕಯಂತ್ರದ ಬ್ರೌಸರಿಗೆ ಒಂದು ಪ್ಲಗಿನ್ ಜೋಡಿಸಿ, ಅಜ್ಜನ ಹೆಸರು, ವಯಸ್ಸು, ಖಾತೆಯ ಗುಪ್ತಪದ, ಬ್ಯಾಂಕಿನ ಕಾರ್ಡಿನ ವಿವರ ಎಲ್ಲವನ್ನೂ ಅದರಲ್ಲಿ ತುಂಬಿಟ್ಟನು. 11 ಗಂಟೆಗೆ ನಮೂನೆಯು ಕಣ್ಣೆವೆ ಇಕ್ಕುವುದರೊಳಗೆ ಭರ್ತಿಯಾಯಿತು. ಬಳಿಕ ಪರದೆಯ ಮೇಲೆ ಚಕ್ರವು ಸುತ್ತುತ್ತಲೇ ಇತ್ತು. ಅದು ನಿಂತಾಗ ಅವರ ಹೆಸರು ನಿರೀಕ್ಷಣಾ ಪಟ್ಟಿಯಲ್ಲಿತ್ತು.

ಚಕ್ರವೇಕೆ ಸುತ್ತಿತು? ಇದನ್ನು ತಿಳಿಯಲು ಮಾಟುಂಗದ ಉಡುಪಿ ಊಟದ ಮನೆಗಿಂತ ಉತ್ತಮ ನಿದರ್ಶನ ನನಗೆ ತೋಚದು. 1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತ ಕಾಲದಲ್ಲಿ ಜಾಲಪುಟದ ರೀತಿ ಹೀಗಿತ್ತು: ತಾವು ಇನ್ನಷ್ಟು ಸಾರು ಕೇಳಿದರೆ, ಇದ್ದ ಎಲೆಯನ್ನೇ ಎತ್ತಿ, ಹೊಸ ಎಲೆ ಹಾಕಿ, ಉಪ್ಪಿನಿಂದ ಮೊದಲ್ಗೊಂಡು ಎಲ್ಲವನ್ನೂ ಮತ್ತೆ ಬಡಿಸಬೇಕು. ಒಂದು ಸಾಲು ಬದಲಾದರೂ ಇಡೀ ಪುಟ ಮರಳಿ ಬರುತ್ತಿತ್ತು. 1999ರ ಮಾರ್ಚಿಯಲ್ಲಿ ಹೊರಬಂದ ಇಂಟರ್ನೆಟ್ ಎಕ್ಸ್‌ಪ್ಲೋರರಿನ 5ನೆಯ ಆವೃತ್ತಿಯಲ್ಲಿ ಎಕ್ಸ್‌ಎಂಎಲ್ ಎಚ್‌ಟಿಟಿಪಿ ಎಂಬ ಜೋಡಣೆಯೊಂದು ಸೇರಿತು. ಎಲೆ ಇದ್ದಲ್ಲಿಯೇ ಇದೆ, ಮಾಣಿಯು ಒಳಗೆ ಹೋಗಿ ಸಾರನ್ನಷ್ಟೇ ತರುತ್ತಾನೆ. ಇದೇ ಅದರ ಕೆಲಸ. ಬೇರೆ ಬ್ರೌಸರುಗಳೂ ಈ ಏರ್ಪಾಡನ್ನು ತಮ್ಮದಾಗಿಸಿಕೊಂಡವು. 2005ರಲ್ಲಿ ಅದಕ್ಕೆ ಏಜಾಕ್ಸ್ ಎಂಬ ಹೆಸರು ಬಿದ್ದಿತು. 2007ರಲ್ಲಿ ಗೂಗಲ್ ಸಂಸ್ಥೆಯು ಗೇರ್ಸ್ ಎಂಬ ಪ್ಲಗಿನ್ನನ್ನು ಹೊರತಂದಿತು. ಸಂಪರ್ಕ ತಪ್ಪಿದಾಗಲೂ ದತ್ತಾಂಶವು ಕೈಗೆ ಸಿಗುವಂತೆ ತಮ್ಮ ಗಣಕದಲ್ಲಿಯೇ ಕೂಡಿಡುವುದು ಅದರ ಕಾರ್ಯವಾಗಿತ್ತು. ಆ ಸೌಕರ್ಯವೂ ಕಾಲಕ್ರಮದಲ್ಲಿ ಬ್ರೌಸರಿನ ಒಳಗೇ ಸೇರಿದುದರಿಂದ ಗೇರ್ಸ್ ಮರೆಯಾಯಿತು.

(ಪ್ಲಗಿನ್ ಎಂಬುದನ್ನು ಕನ್ನಡದಲ್ಲಿ ‘ಜೋಡಿಕೆ’ ಎಂದು ಬರೆದು ನೋಡಿದ್ದೇನೆ. ಓದಿದವರೆಲ್ಲ ‘ಪ್ಲಗಿನ್ ತಾನೇ?’ ಎಂದು ಕೇಳಿದರು. ಅನುವಾದಕನು ಸೋಲೊಪ್ಪುವುದೂ ಕೆಲವೊಮ್ಮೆ ಯುಕ್ತ.)

ಹಳೆಯ ಬಗೆಯ ಪ್ಲಗಿನ್ನುಗಳು ಗಣಕಯಂತ್ರದೊಳಗೆ ಮನೆಯವರಷ್ಟೇ ಸ್ವಾತಂತ್ರ್ಯ ಪಡೆದಿದ್ದವು. ಕಳ್ಳರಿಗೆ ಅದೇ ಹಿತ್ತಲ ಬಾಗಿಲಾಯಿತು. ಆದುದರಿಂದಲೇ ಕ್ರೋಮ್ ಬ್ರೌಸರು 2015ರಲ್ಲಿ ಅವನ್ನು ಹೊರಗಿಟ್ಟಿತು. ಫೈರ್‌ಫಾಕ್ಸ್ 2017ರಲ್ಲಿ ಫ್ಲಾಷ್ ಒಂದನ್ನುಳಿದು ಮಿಕ್ಕವಕ್ಕೆ ಬಾಗಿಲು ಮುಚ್ಚಿತು. ಫ್ಲಾಷ್ ಕೂಡ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಇಂದು ಜನರು ಪ್ಲಗಿನ್ ಎಂದು ಕರೆಯುವುದು ಎಕ್ಸ್‌ಟೆನ್ಷನ್ ಎಂಬ ಬೇರೊಂದು ಜಾತಿಯನ್ನು. ಇದು ಬ್ರೌಸರಿನ ಹದ್ದಿನೊಳಗೇ ಇರತಕ್ಕದ್ದು. ಆದರೆ ಜೋಡಿಸುವಾಗ ತೆರೆಯ ಮೇಲೆ ಮೂಡುವ ಅನುಮತಿಯ ಸಾಲನ್ನು ದಯವಿಟ್ಟು ಓದಬೇಕು: ತಾವು ಭೇಟಿ ನೀಡುವ ಎಲ್ಲ ಜಾಲತಾಣಗಳಲ್ಲಿನ ತಮ್ಮ ದತ್ತಾಂಶವನ್ನು ಓದುವ ಮತ್ತು ಬದಲಿಸುವ ಅಧಿಕಾರವನ್ನು ಅದು ಕೇಳುತ್ತಿರಬಹುದು. ಎಲ್ಲ ಎಂದರೆ ರೈಲಿನ ತಾಣ ಮಾತ್ರವಲ್ಲ, ಬ್ಯಾಂಕಿನದೂ ಸೇರಿತು.

ಇಷ್ಟು ಅಧಿಕಾರ ಕೊಟ್ಟು ಪಡೆಯುವುದೇನು? ಬೆರಳಚ್ಚಿನ ಅರ್ಧ ನಿಮಿಷ. ಎಲೆಯ ಮುಂದೆ ಕುಳಿತವನು ಎಷ್ಟೇ ಬೇಗ ಕೂಗಲಿ, ಅಡುಗೆಮನೆಯ ಬಾಗಿಲಲ್ಲಿ ನೂಕುನುಗ್ಗಲಿದ್ದರೆ ಮಾಣಿಯು ಅಲ್ಲಿಯೇ ನಿಲ್ಲುವನು. ತತ್ಕಾಲ್ ತೆರೆದ ಮೊದಲ ಐದು ನಿಮಿಷಗಳಲ್ಲಿ ನಡೆಯುವ ಪ್ರವೇಶ ಯತ್ನಗಳಲ್ಲಿ ಶೇಕಡ 50ರವರೆಗೂ ಯಂತ್ರಚಾಲಿತ ತಂತ್ರಾಂಶಗಳವೇ ಎಂದು ರೈಲ್ವೆ ಸಚಿವಾಲಯವು 2025ರ ಜೂನ್‌ನಲ್ಲಿ ತಿಳಿಸಿತು. ಆ ನೂಕುನುಗ್ಗಲು ನಮ್ಮ ಪ್ಲಗಿನ್ನಿಗೆ ಹೆದರುವುದಿಲ್ಲ. ಬದಲಿಗೆ ಅಂಥ ಒಂದೊಂದು ಪ್ಲಗಿನ್ನೂ ಸರದಿಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಅದೇ ವರ್ಷದ ಜುಲೈ 1ರಿಂದ ಜಾಲದ ಮೂಲಕ ತತ್ಕಾಲ್ ಟಿಕೆಟು ಪಡೆಯಲು ಖಾತೆಗೆ ಆಧಾರ್ ದೃಢೀಕರಣ ಕಡ್ಡಾಯವಾಯಿತು. ಏಜೆಂಟರಿಗೆ ಮೊದಲ 30 ನಿಮಿಷ ನಿರ್ಬಂಧ ವಿಧಿಸಲಾಯಿತು.

ಸುಳ್ಳು ಖಾತೆಗಳನ್ನು ಸೃಷ್ಟಿಸಿ ಟಿಕೆಟು ಮಾರುವ ದಂಧೆಗೆ 1989ರ ರೈಲ್ವೆ ಅಧಿನಿಯಮದ 143ನೆಯ ಪ್ರಕರಣವು ಅನ್ವಯಿಸುತ್ತದೆ. ಅಂತರಜಾಲವಿಲ್ಲದ ಕಾಲದ ಕಾನೂನು ಇ-ಟಿಕೆಟಿಗೆ ಹೇಗೆ ತಗಲೀತು ಎಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿ 9ರಂದು ತಳ್ಳಿಹಾಕಿತು. ಶಿಕ್ಷೆ ಮೂರು ವರ್ಷಗಳವರೆಗಿನ ಸೆರೆಮನೆ, ಅಥವಾ 10,000 ರೂಪಾಯಿವರೆಗಿನ ಜುಲ್ಮಾನೆ, ಅಥವಾ ಎರಡೂ. ಮೊಮ್ಮಗನು ಅಜ್ಜನಿಗಾಗಿ ನಮೂನೆ ತುಂಬಿದುದು ಈ ದಂಧೆಯಲ್ಲ ಎಂಬುದನ್ನೂ ಹೇಳಬೇಕು.

ಆದರೂ ಆ ಹಿರಿಯರಿಗೆ ಇನ್ನೊಂದು ಪೆಟ್ಟು ಕಾದಿತ್ತು. ಮೂರು ವಾರಗಳ ತರುವಾಯ ಅವರ ಖಾತೆಯನ್ನು ತೆರೆದು ನೋಡಿದಾಗ, ಗುರುತೇ ಇಲ್ಲದ ನಾಲ್ವರ ಹೆಸರಿನಲ್ಲಿ ಟಿಕೆಟು ತೆಗೆದಿರುವುದು ಕಂಡಿತು. ಪ್ಲಗಿನ್ನೇ ಗುಪ್ತಪದವನ್ನು ಹೊರಗೆ ಕಳುಹಿಸಿತೆಂದು ಸಾಧಿಸುವ ಪುರಾವೆ ಅವರ ಬಳಿ ಇಲ್ಲ. ಗುಪ್ತಪದವು ಬೇರೆಲ್ಲಿಯೂ ಬರೆದಿಟ್ಟಿರಲಿಲ್ಲವೆಂಬುದು ಮಾತ್ರ ನಿಜ. ಮೊಮ್ಮಗನು ಅಂದೇ ಪ್ಲಗಿನ್ನನ್ನು ಕಿತ್ತು, ಗುಪ್ತಪದ ಬದಲಿಸಿ, ಬ್ಯಾಂಕಿಗೆ ಹೇಳಿ ಕಾರ್ಡನ್ನು ರದ್ದುಪಡಿಸಿದನು. ಅನುಕ್ರಮವೂ ಇದೇ ಆಗಿರಬೇಕು: ಮೊದಲು ಕೀಳುವುದು, ಬಳಿಕ ಗುಪ್ತಪದ, ಇಲ್ಲವಾದರೆ ಹೊಸ ಗುಪ್ತಪದವನ್ನೂ ಅದು ಓದೀತು. ಹಣ ಹೋಗಿದ್ದಲ್ಲಿ 1930 ಎಂಬ ಸಂಖ್ಯೆಗೆ ತಡಮಾಡದೆ ಕರೆ ಮಾಡಬಹುದು.

ಟಿಕೆಟು ಸಿಗದ ಆ ದಿನ ಅವರು ಸಂಜೆಯ ಬಸ್ಸು ಹತ್ತಿ ಊರಿಗೆ ಹೋದರು. ಅಕ್ಕನು ತಮ್ಮನನ್ನು ಗುರುತಿಸಿದಳಂತೆ. ಈಗ ಅವರು ಪ್ರಯಾಣಿಕರ ಹೆಸರು, ವಯಸ್ಸುಗಳನ್ನು ಐಆರ್‌ಸಿಟಿಸಿ ಖಾತೆಯೊಳಗೆಯೇ ಇರುವ ‘ಮಾಸ್ಟರ್ ಲಿಸ್ಟ್’ನಲ್ಲಿ ಮುಂಚಿತವಾಗಿ ಬರೆದಿಡುತ್ತಾರೆ. ಬೇಕಾದಾಗ ಹೆಸರನ್ನು ಒತ್ತಿದರೆ ಸಾಕು, ಸಾಲು ತಾನಾಗಿ ತುಂಬುತ್ತದೆ. ಅದಕ್ಕೆ ಯಾವ ಪ್ಲಗಿನ್ನೂ ಬೇಡ.