ಅಣಬೆ ಕೀಳುವ ಮುಂಚೆ



ಮೃಗಶಿರಾ ಮಳೆ ಹಿಡಿಯಿತು. ಇನ್ನೊಂದು ಗುಡುಗು ಬಂದರೆ ಸಾಕು, ಅಣಬೆ ಏಳುತ್ತೆ ಅಂತೀವಿ. ಕೊಡಗಿನವರು ಕುಮ್ಮು ಅಂತಾರೆ, ತುಳುವಿನವರು ಅಲಂಬು ಅಂತಾರೆ. ಹೆಸರು ಯಾವುದಾದರೇನು, ಸಾರು ರುಚಿ. ಕಾಡಲ್ಲಿ ಹುಡುಕೋರು ನಾವು. ತೊಳೆದು ಬೇಯಿಸೋರು ನಾವು. ಮಕ್ಕಳ ತಟ್ಟೆಗೆ ಬಡಿಸೋರೂ ನಾವೇ. ಅದಕ್ಕೇ ಈ ಮಾತು ನಿಮ್ಮ ಹತ್ತಿರ ಆಡಬೇಕು ಅನ್ನಿಸಿತು.

ನಮಗೆಲ್ಲ ಚೆನ್ನಾಗಿ ಗೊತ್ತಿರೋದು ಹುತ್ತದ ಅಣಬೆ. ಇದನ್ನು ಸಾಕೋದು ಗೆದ್ದಲು! ಗೆದ್ದಲು ಎಲೆ, ಕಡ್ಡಿ ತಿಂದು ಹಿಕ್ಕೆ ಹಾಕುತ್ತದೆ. ಆ ಹಿಕ್ಕೆಯಿಂದ ಗೂಡಿನೊಳಗೆ ಜೇನುಹುಟ್ಟಿನ ಹಾಗೆ ತಟ್ಟೆ ಕಟ್ಟುತ್ತದೆ. ಅದರ ಮೇಲೆ ಅಣಬೆಯ ಬಿಳಿ ಎಳೆ ಹಬ್ಬುತ್ತದೆ. ಗೆದ್ದಲಿಗೆ ಅದೇ ಊಟ. ಮಳೆ ಬಿದ್ದಾಗ ಅಲ್ಲಿಂದಲೇ ಅಣಬೆ ಮೇಲೆ ಬರುತ್ತದೆ. ಅದಕ್ಕೇ ಅದರ ಕಾಲು ಬೇರಿನ ಹಾಗೆ ಉದ್ದಕ್ಕೆ ಇಳಿದು ಗೂಡನ್ನು ಮುಟ್ಟುತ್ತದೆ. ಕೊಡೆಯ ನಡುವೆ ಮೊನಚು ಇರುತ್ತದೆ. ಬುಡದಲ್ಲಿ ಚೀಲ ಇರುವುದಿಲ್ಲ.

ಈ ಚೀಲದ ಮಾತು ನೆನಪಿಡಿ. ಜೀವ ತೆಗೆಯುವ ಒಂದು ಜಾತಿ ಅಣಬೆ ಇದೆ. ನೋಡೋಕೆ ಚಂದ. ಕೊಡೆಯ ಕೆಳಗಿನ ಪದರ ಬಿಳಿ. ಕಾಲಿಗೆ ಬಳೆಯಂಥ ಪೊರೆ. ಬುಡದಲ್ಲಿ ಒಡೆದ ಮೊಟ್ಟೆಯ ಸಿಪ್ಪೆಯಂಥ ಚೀಲ. ಚೀಲ ಮಣ್ಣಿನೊಳಗೆ ಇರುತ್ತದೆ. ಪಟ್ಟನೆ ಕಿತ್ತರೆ ಅಲ್ಲೇ ಉಳಿಯುತ್ತದೆ, ನಮಗೆ ಕಾಣೋದೇ ಇಲ್ಲ. ಕತ್ತಿಯಿಂದ ಬುಡ ಬಿಡಿಸಿ ನೋಡಿ. ಬಳೆ ಮಳೆಗೆ ಉದುರಿಯೂ ಹೋಗಬಹುದು. ಹಾಗಾಗಿ ಒಂದೇ ಗುರುತು ನಂಬಬೇಡಿ. ಎಲ್ಲ ಗುರುತೂ ಕೂಡಿದರೆ ಮಾತ್ರ ಬುಟ್ಟಿಗೆ ಹಾಕಿ.

ಕಲ್ಲಣಬೆ ಅಂತ ಉಂಡೆ ಅಣಬೆ ಆರಿಸೋರು ಒಂದೊಂದನ್ನೂ ಸೀಳಿ ನೋಡಿ. ಒಳಗೆ ಪುಟ್ಟ ಕೊಡೆಯ ಆಕಾರ ಕಂಡರೆ ಅದು ಕಲ್ಲಣಬೆ ಅಲ್ಲ, ಬಿಸಾಡಿ. ಹುಲ್ಲಿನಲ್ಲಿ ಏಳುವ ದೊಡ್ಡ ಬಿಳಿ ಅಣಬೆಯ ಮೇಲೆ ಕಂದು ಚಕ್ಕೆ ಇದ್ದರೆ ಅದೂ ಬೇಡ. ಬಲಿತ ಮೇಲೆ ಅದರ ಪದರ ಹಸಿರಾಗುತ್ತದೆ. ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ ಶುರು.

"ಬೆಳ್ಳಿ ಕಾಸು ಹಾಕಿ ಬೇಯಿಸಿದ್ದೀನಿ, ಕಪ್ಪಾಗಿಲ್ಲ ಕಣೆ" ಅಂತ ಅತ್ತೆ ಹೇಳಬಹುದು. "ಹುಳ ತಿಂದಿದೆ, ನಮಗೇನು?" ಅಂತ ನೆರೆಯವಳು ಹೇಳಬಹುದು. ಎರಡೂ ಸುಳ್ಳು. ಹುಳಕ್ಕೆ ಆಗದ ವಿಷ ಮನುಷ್ಯರಿಗೆ ಆಗುತ್ತದೆ. ಹುಣಸೆಹಣ್ಣು, ಅರಿಸಿನ ಹಾಕಿದರೂ ಈ ವಿಷ ಹೋಗುವುದಿಲ್ಲ. ಎಷ್ಟು ಹೊತ್ತು ಕುದಿಸಿದರೂ, ಒಣಗಿಸಿದರೂ ಹೋಗುವುದಿಲ್ಲ.

2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು 13 ಜನ ತೀರಿಕೊಂಡರು. ಹೆಚ್ಚಿನವರು ಚಹಾ ತೋಟದ ಕಡೆಯವರು. ಅವರಿಗೇನು ಅಣಬೆ ಹೊಸದಲ್ಲ. ನಮ್ಮ ಕೊಡಗಿನ ಕಾಫಿ ತೋಟಗಳಿಗೂ ಅಸ್ಸಾಮಿನಿಂದ ಕೆಲಸಕ್ಕೆ ಬಂದ ಹೆಣ್ಣುಮಕ್ಕಳಿದ್ದಾರೆ. ಅವರಿಗೂ ಹೇಳಿ, ಒಂದು ಊರಿನ ಗುರುತು ಇನ್ನೊಂದು ಊರಿಗೆ ನಡೆಯೋಲ್ಲ.

ಈ ವಿಷ ಮೋಸಗಾರ. ರಾತ್ರಿ ಉಂಡರೆ ಆಗ ಏನೂ ಆಗುವುದಿಲ್ಲ. ಆರು ಗಂಟೆ, ಹನ್ನೆರಡು ಗಂಟೆ ಕಳೆದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು. ಮಾರನೆಯ ದಿನ ಎಲ್ಲ ನಿಲ್ಲುತ್ತದೆ. ಅಬ್ಬಾ, ವಾಸಿಯಾಯಿತು ಅಂತ ಕೆಲಸಕ್ಕೆ ಹೊರಡುತ್ತೀವಿ. ಒಳಗೆ ಪಿತ್ತಜನಕಾಂಗ, ಅಂದರೆ ಲಿವರು, ಕೆಡುತ್ತಾ ಇರುತ್ತದೆ. ಆಮೇಲೆ ಕಣ್ಣು ಹಳದಿ ಆಗುತ್ತದೆ. ಆಗ ಉಳಿಸಿಕೊಳ್ಳೋದು ಬಹಳ ಕಷ್ಟ.

ಅನುಮಾನ ಬಂದ ಕೂಡಲೆ 108ಕ್ಕೆ ಫೋನ್ ಮಾಡಿ. ಉಂಡವರೆಲ್ಲರೂ ಆಸ್ಪತ್ರೆಗೆ ಹೊರಡಿ, ಚೆನ್ನಾಗಿದ್ದವರೂ ಸಹ. ಉಳಿದ ಅಣಬೆಯನ್ನು, ಸಾರನ್ನು ಜೊತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. "ಅಣಬೆ ತಿಂದಿದ್ದೀವಿ, ಇಷ್ಟು ಗಂಟೆಗೆ ತಿಂದಿದ್ದು" ಅಂತ ಡಾಕ್ಟರಿಗೆ ನೀವೇ ಮೊದಲು ಹೇಳಿ. ಗಂಟೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಈಗ ಬರೆಯೋಕೆ ಬರುತ್ತಲ್ಲ!

ಹುತ್ತದ ಅಣಬೆಯನ್ನು ಮನೆಯಲ್ಲೇ ಬೆಳೆಯಬಹುದಾ ಅಂತ ಅಲ್ಲಿ ಒಬ್ಬರು ಕೇಳಿದರು. ಆಗೋಲ್ಲ ಕಣಮ್ಮ, ಅದಕ್ಕೆ ಗೆದ್ದಲೇ ಬೇಕು. ಚಿಪ್ಪು ಅಣಬೆ ಆದರೆ ಭತ್ತದ ಹುಲ್ಲಿನಲ್ಲಿ ಬೆಳೆಯಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಬೆಳೆಯೋದು ಕಲಿಸುತ್ತಾರೆ. ಬೇಕಾದವರು ಹೆಸರು ಬರೆಸಿ, ಸಂಘದಿಂದಲೇ ಕಾಗದ ಹಾಕೋಣ.